ಕಲ್ಲಿಗೂ ಮೊದಲು ಕುಣಿತ

ಆಂಕೋರ್‌ವಾಟ್ ಎಂದೊಡನೆ ನಮ್ಮಲ್ಲಿ ಬಹುಪಾಲು ಜನರ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ: ಮುಂದೆ ಕೊಳ, ಆಚೆಗೆ ಐದು ಶಿಖರ, ಹಿನ್ನೆಲೆಯಲ್ಲಿ ಕೆಂಪೇರುವ ಆಕಾಶ. ಮಕ್ಕಳೊಡನೆ ಕಾಂಬೋಡಿಯಾಕ್ಕೆ ಹೋಗುವ ಕುಟುಂಬಗಳು ಆ ಚಿತ್ರಕ್ಕಾಗಿ ನಸುಕಿನಲ್ಲೇ ಎದ್ದು, ಬಿಸಿಲು ನೆತ್ತಿಗೇರುವವರೆಗೆ ಗುಡಿಯಿಂದ ಗುಡಿಗೆ ಓಡುತ್ತವೆ. ಎರಡನೆಯ ದಿನದ ಮಧ್ಯಾಹ್ನದ ಹೊತ್ತಿಗೆ ಮಕ್ಕಳಿಗೆ ಎಲ್ಲ ಗುಡಿಯೂ ಒಂದೇ, ಎಲ್ಲ ಕಲ್ಲೂ ಒಂದೇ. ತಪ್ಪು ಮಕ್ಕಳದಲ್ಲ, ನಾವು ಪರಿಚಯ ಮಾಡಿಸುವ ಕ್ರಮದ್ದು. ಖ್ಮೇರ್ ಜನರ ಪರಂಪರೆಯನ್ನು ಮನೆಮಂದಿಗೆಲ್ಲ ತೋರಿಸಬೇಕೆಂದಿದ್ದರೆ ಮೊದಲು ನೃತ್ಯ ತೋರಿಸಬೇಕು, ಆಮೇಲೆ ಗುಡಿ. ಆ ಗುಡಿಗಳನ್ನು ಕಟ್ಟಿದ್ದೇ ನೃತ್ಯ, ಸಂಗೀತ, ಕಥೆಗಳು ದಿನವೂ ನಡೆಯುವ ಜಾಗವಾಗಿ. ಕುಣಿಯುವ ದೇಹವನ್ನು ಒಮ್ಮೆ ಕಂಡ ಮಗುವಿಗೆ ಗೋಡೆಯ ಮೇಲಿನ ಕಲ್ಲು ತಾನಾಗಿ ಅರ್ಥವಾಗತೊಡಗುತ್ತದೆ. ಗುಡಿಯಿಂದ ಆರಂಭಿಸಿದವರಿಗೆ ನೃತ್ಯವು ರಾತ್ರಿ ಊಟದ ಜೊತೆಗಿನ ಮನರಂಜನೆಯಾಗಿ ಉಳಿದುಬಿಡುತ್ತದೆ.

ಇದು ಮಕ್ಕಳನ್ನು ರಮಿಸಲು ಹೂಡಿದ ಉಪಾಯ ಎಂದು ತಿಳಿಯಬೇಕಿಲ್ಲ, ಶಾಸನಗಳೇ ಇದಕ್ಕೆ ಸಾಕ್ಷಿ. ಕಾಲ ನಮೂದಾಗಿರುವ ಖ್ಮೇರ್ ಭಾಷೆಯ ಶಾಸನಗಳಲ್ಲಿ ಎಲ್ಲಕ್ಕಿಂತ ಹಳೆಯದು 611ರದು, ದೇಶದ ದಕ್ಷಿಣ ಭಾಗದ ಆಂಕೋರ್ ಬೊರೈಯಲ್ಲಿ ದೊರೆತದ್ದು. ಆ ಶತಮಾನದ ಶಾಸನಗಳಲ್ಲಿ ದೇವರಿಗೆ ಬಿಟ್ಟ ಗದ್ದೆ, ತೋಟ, ದನಕರುಗಳ ಜೊತೆಗೆ ಕುಣಿಯುವವರ, ಹಾಡುವವರ, ವಾದ್ಯ ನುಡಿಸುವವರ ಪಟ್ಟಿಗಳೂ ಸಿಗುತ್ತವೆ. ಐದು ಶತಮಾನಗಳ ನಂತರ ಈ ಪಟ್ಟಿ ಬೆರಗಾಗುವಷ್ಟು ಬೆಳೆದಿತ್ತು. ದೊರೆ ಏಳನೆಯ ಜಯವರ್ಮನು 1186ರಲ್ಲಿ ತನ್ನ ತಾಯಿಯ ನೆನಪಿಗೆ ಪ್ರತಿಷ್ಠಾಪಿಸಿದ ತಾ ಪ್ರೋಮ್ ಗುಡಿಯ ಶಾಸನದ ಪ್ರಕಾರ ಅದರ ಆವರಣದಲ್ಲಿ ನೆಲೆಸಿದ್ದವರು 12,640 ಮಂದಿ. ಅವರಲ್ಲಿ 615 ಮಂದಿ ನರ್ತಕಿಯರು. ಐದು ವರ್ಷದ ನಂತರ, 1191ರಲ್ಲಿ, ತಂದೆಯ ನೆನಪಿಗೆ ಕಟ್ಟಿಸಿದ ಪ್ರೆಯಾ ಖಾನ್ ಗುಡಿಗೆ ಸಾವಿರ ನರ್ತಕಿಯರು. ಆ ಗುಡಿಯ ಪೂರ್ವ ದಿಕ್ಕಿನ ಮಂಟಪದಲ್ಲಿ ಬಾಗಿಲು ಬಾಗಿಲಿನ ಮೇಲೂ ಅಪ್ಸರೆಯರು ಸಾಲುಗಟ್ಟಿ ಕುಣಿಯುತ್ತಿರುವುದನ್ನು ಇಂದಿಗೂ ನೋಡಬಹುದು. ಮರದ ಬೇರುಗಳು ಗೋಡೆಯನ್ನು ತಬ್ಬಿಕೊಂಡಿರುವ ತಾ ಪ್ರೋಮ್‌ನ ಫೋಟೊಗಳು ಜಗತ್ತಿಗೆಲ್ಲ ಗೊತ್ತು. ಆ ಬೇರುಗಳ ಜಾಗದಲ್ಲಿ ಒಂದು ಕಾಲಕ್ಕೆ ಆರುನೂರು ಜನರ ಗೆಜ್ಜೆ, ತಾಲೀಮು, ಅಡುಗೆ, ಜಗಳ, ನಗೆ ಎಲ್ಲ ಇತ್ತು ಎಂದು ಹೇಳಿದರೆ ಮಗುವಿಗೆ ಅದು ಬೇರೆಯೇ ಜಾಗವಾಗುತ್ತದೆ. ಆ ನರ್ತಕಿಯರೆಲ್ಲ ಇಷ್ಟಪಟ್ಟು ಬಂದವರೂ ಅಲ್ಲ. ಗುಡಿಗೆ ದಾನವಾಗಿ ಬಂದ ಆಸ್ತಿಗಳ ಪಟ್ಟಿಯಲ್ಲೇ ಅವರ ಲೆಕ್ಕವೂ ಇದೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಇದನ್ನು ಮುಚ್ಚಿಡದೆ ಹೇಳುವುದೇ ಸರಿ.

ಈ ಕಣ್ಣಿನಿಂದ ನೋಡಿದರೆ ಆಂಕೋರ್‌ವಾಟ್ ಕೂಡ ಬೇರೆಯಾಗಿ ಕಾಣುತ್ತದೆ. 1113ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಸೂರ್ಯವರ್ಮನು ವಿಷ್ಣುವಿಗಾಗಿ ಇದನ್ನು ಕಟ್ಟಿಸತೊಡಗಿದ. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಬೇಲೂರಿನ ಚೆನ್ನಕೇಶವ ಪ್ರತಿಷ್ಠಾಪನೆಯಾದದ್ದು 1117ರಲ್ಲಿ. ಇಬ್ಬರು ದೊರೆಗಳಿಗೆ ಪರಸ್ಪರ ಪರಿಚಯವಿತ್ತೆಂದು ಹೇಳಲು ಆಧಾರವೇನೂ ಇಲ್ಲ. ಆದರೂ ಬೇಲೂರಿನ ಮದನಿಕೆಯರು ಬಳಪದ ಕಲ್ಲಿನಲ್ಲಿ ಮೂಡುತ್ತಿದ್ದ ದಶಕಗಳಲ್ಲೇ ಮೆಕಾಂಗ್ ನಾಡಿನ ಕುಶಲಕರ್ಮಿಗಳು ಕುಲೆನ್ ಬೆಟ್ಟದಿಂದ ಕಾಲುವೆಗಳಲ್ಲಿ ತಂದ ಮರಳುಗಲ್ಲಿನ ಮೇಲೆ ಹೆಣ್ಣು ರೂಪಗಳನ್ನು ಕಡೆಯುತ್ತಿದ್ದರೆಂಬುದು ನೆನಪಿಡಬೇಕಾದ ಸಂಗತಿ. ಸುಮಾರು 190 ಮೀಟರ್ ಅಗಲದ ಕಂದಕ ದಾಟಿ ಒಳಹೋದರೆ ಗೋಡೆಗಳ ಮೇಲೆ ಸಾವಿರದ ಏಳುನೂರಕ್ಕೂ ಹೆಚ್ಚು ದೇವತೆಯರು ನಿಂತಿದ್ದಾರೆ. ಒಬ್ಬಳ ತುರುಬು ಇನ್ನೊಬ್ಬಳಂತಿಲ್ಲ, ಒಬ್ಬಳ ಸೆರಗಿನ ಮಡಿಕೆ ಇನ್ನೊಬ್ಬಳದರಂತಿಲ್ಲ. ಆಂಕೋರ್‌ನ ಜೀರ್ಣೋದ್ಧಾರದ ಹೊಣೆ ಹೊತ್ತಿದ್ದ ಆಂರಿ ಮಾರ್ಷಲ್ ಅವರ ಮಗಳು ಸಫೊ ಮಾರ್ಷಲ್ ಇನ್ನೂ ಎಳೆಯ ವಯಸ್ಸಿನಲ್ಲೇ ಈ ತುರುಬು, ಕಿರೀಟ, ಒಡವೆ, ಉಡುಗೆಗಳನ್ನೆಲ್ಲ ಕುಳಿತು ಬರೆದುಕೊಂಡು, 1927ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ವಿದ್ವಾಂಸರು ಈಗಲೂ ಬಳಸುವ ಪುಸ್ತಕ ಅದು. ಮಕ್ಕಳ ಕೈಗೆ ಒಂದು ನೋಟ್‌ಬುಕ್, ಪೆನ್ಸಿಲ್ ಕೊಟ್ಟು, ನಿನಗೆ ಇಷ್ಟವಾದ ಐದು ತುರುಬು ಹುಡುಕು ಎಂದರೆ ಸಾಕು. ಮಾರ್ಗದರ್ಶಿ ಒಂದು ಗಂಟೆ ಮಾತಾಡಿ ತೋರಿಸುವುದಕ್ಕಿಂತ ಹೆಚ್ಚನ್ನು ಅವರೇ ಕಂಡುಕೊಳ್ಳುತ್ತಾರೆ.

ಪೂರ್ವದ ಮೊಗಸಾಲೆಯ ಗೋಡೆಯಲ್ಲಿ 49 ಮೀಟರ್ ಉದ್ದಕ್ಕೂ ಸಮುದ್ರಮಥನವಿದೆ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು ವಾಸುಕಿಯನ್ನು ಹಿಡಿದು ಜಗ್ಗುತ್ತಿದ್ದಾರೆ. ನಡುವೆ ಕೂರ್ಮದ ಬೆನ್ನ ಮೇಲೆ ಮಂದರ, ಅದರ ಮುಂದೆ ವಿಷ್ಣು. ಹಗ್ಗಜಗ್ಗಾಟ ಆಡಿದ ಯಾವ ಮಗುವಿಗೂ ಆ ಹಿಮ್ಮಡಿಯ ಒತ್ತು, ಸೊಂಟದ ಬಾಗು, ಒಂದೇ ತಾಳಕ್ಕೆ ಬಿದ್ದ ನೂರಾರು ಕಾಲುಗಳು ಏನು ಮಾಡುತ್ತಿವೆ ಎಂದು ಬಿಡಿಸಿ ಹೇಳಬೇಕಿಲ್ಲ. ತಲೆಯೆತ್ತಿ ನೋಡಿದರೆ ಕಡೆದ ನೊರೆಯಿಂದ ಎದ್ದ ಅಪ್ಸರೆಯರು ಮೇಲಿನ ಅಂಚಿನುದ್ದಕ್ಕೂ ಹಾರುತ್ತ ಕುಣಿಯುತ್ತಿದ್ದಾರೆ. ಕಥೆಯಲ್ಲಿ ಅಮೃತ ಕಡೆಗೆ ಬರುತ್ತದೆ. ಈ ಗೋಡೆಯ ಶಿಲ್ಪಿಗಳಿಗೆ ಮಾತ್ರ ಅಮೃತಕ್ಕಿಂತ ಈ ನರ್ತಕಿಯರ ಹುಟ್ಟೇ ಮುಖ್ಯವಾಗಿತ್ತೇನೋ ಎನ್ನುವಷ್ಟು ಜಾಗವನ್ನು ಅವರಿಗೆ ಬಿಟ್ಟುಕೊಟ್ಟಿದ್ದಾರೆ. ಇಂದಿನ ಕಾಂಬೋಡಿಯಾದ ಅಪ್ಸರಾ ನೃತ್ಯವನ್ನು ಹಿಂದಿನ ಸಂಜೆಯೇ ನೋಡಿದ್ದರೆ ಈ ಗೋಡೆಯ ಮುಂದೆ ಮಕ್ಕಳು ಗುರುತು ಹಿಡಿದು ಕೂಗುತ್ತಾರೆ.

ಕನ್ನಡಿಗರಿಗೆ ಇದಕ್ಕಿಂತಲೂ ಹತ್ತಿರದ ಉದಾಹರಣೆಯೊಂದಿದೆ. ಆಂಕೋರ್‌ನ ಈಶಾನ್ಯಕ್ಕಿರುವ ಕೋ ಕೇರ್ 928ರಿಂದ 944ರವರೆಗೆ ಖ್ಮೇರ್ ರಾಜಧಾನಿಯಾಗಿತ್ತು. ಅಲ್ಲಿನ ಪ್ರಸಾತ್ ಚೆನ್ ಗುಡಿಯ ಪಡುವಣ ದ್ವಾರದಲ್ಲಿ ಶಿಲ್ಪಿಗಳು ಮಹಾಭಾರತದ ಗದಾಯುದ್ಧವನ್ನು ದುಂಡು ಶಿಲ್ಪಗಳಲ್ಲಿ ನಿಲ್ಲಿಸಿದ್ದರು. ಎದುರುಬದುರು ಭೀಮ, ದುರ್ಯೋಧನ. ಸುತ್ತ ಕುಳಿತು ನೋಡುವ ಪಾಂಡವರು, ಬಲರಾಮ. ಗೋಡೆಗೆ ಅಂಟಿದ ಉಬ್ಬು ಶಿಲ್ಪವಲ್ಲ ಇದು, ಪ್ರತಿಯೊಬ್ಬರೂ ತಮ್ಮ ಕಾಲ ಮೇಲೆ ತಾವೇ ನಿಂತವರು, ಅಂದರೆ ಕಲ್ಲಿನಲ್ಲಿ ಕಟ್ಟಿದ ರಂಗಸ್ಥಳ. ದುರ್ಯೋಧನನ ಮಂಡಿ ಬಾಗಿದೆ, ಮರುಕ್ಷಣ ನೆಗೆಯುವವನಂತೆ ದೇಹವೆಲ್ಲ ಬಿಗಿದಿದೆ. ಪಂಪ ವಿಕ್ರಮಾರ್ಜುನವಿಜಯವನ್ನು ಮುಗಿಸಿದ್ದು 941ರಲ್ಲಿ, ಕೋ ಕೇರ್ ರಾಜಧಾನಿಯಾಗಿದ್ದ ವರ್ಷಗಳಲ್ಲೇ. ಅದೇ ಶತಮಾನದ ಕೊನೆಯ ಹೊತ್ತಿಗೆ ರನ್ನ ಇಡೀ ಕಾವ್ಯವನ್ನೇ ಗದಾಯುದ್ಧದ ಸುತ್ತ ಕಟ್ಟಿದ. ಎರಡು ನಾಡಿನ ಕಲಾವಿದರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಹದಿನೆಂಟು ಪರ್ವಗಳಲ್ಲಿ ಅದೊಂದು ಘಳಿಗೆಯನ್ನೇ ಆರಿಸಿಕೊಂಡು ಅದರ ಒಳಗಿನ ಚಲನೆಯನ್ನು ಹಿಡಿಯಹೊರಟರು. ಒಬ್ಬರು ನುಡಿಯಲ್ಲಿ, ಇನ್ನೊಬ್ಬರು ಕಲ್ಲಿನಲ್ಲಿ. ಭಾರತದ ಕಥೆ ಕೇಳಿ ಬೆಳೆದ ಕನ್ನಡದ ಮಗುವಿಗೆ ಖ್ಮೇರ್ ಶಿಲ್ಪಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಾಣದು.

ಇಲ್ಲೇ ಒಂದು ಆಕ್ಷೇಪ ಏಳುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ರಾಮಾಯಣ, ಮಹಾಭಾರತ, ವಿಷ್ಣು, ಶಿವ, ಸಂಸ್ಕೃತ ಶಾಸನ, ವರ್ಮನೆಂದು ಮುಗಿಯುವ ರಾಜರ ಹೆಸರು, ಪಲ್ಲವ ಲಿಪಿಯಿಂದ ಬೆಳೆದ ಅಕ್ಷರ, ಇವೆಲ್ಲ ಇಲ್ಲಿಂದ ಹೋದವೇ ಅಲ್ಲವೇ? ಹಾಗಿದ್ದ ಮೇಲೆ ಮಕ್ಕಳಿಗೆ ಇದು ನಮ್ಮದೇ ಸಂಸ್ಕೃತಿಯ ವಿಸ್ತರಣೆ ಎಂದರೆ ಸಾಲದೇ ಎಂದು ಕೇಳುವವರಿದ್ದಾರೆ. ಹೋದದ್ದು ನಿಜ. ಆದರೆ ಹೋದದ್ದನ್ನು ಅಲ್ಲಿನವರು ಏನು ಮಾಡಿಕೊಂಡರು ಎಂಬುದೇ ಇಲ್ಲಿನ ವಿಷಯ. ಖ್ಮೇರ್ ಶಾಸನಗಳನ್ನೇ ನೋಡಿ. ದೇವರ ಸ್ತುತಿ, ರಾಜರ ಹೊಗಳಿಕೆ ಸಂಸ್ಕೃತದಲ್ಲಿ. ಯಾವ ಗದ್ದೆ, ಎಷ್ಟು ಅಕ್ಕಿ, ಯಾರು ಕುಣಿಯಬೇಕು, ಯಾರು ಹಾಡಬೇಕು ಎಂಬುದು ಖ್ಮೇರ್‌ನಲ್ಲಿ. ಕನ್ನಡ ನಾಡಿನ ಎಷ್ಟೋ ಶಾಸನಗಳ ಕಟ್ಟಡವೂ ಹೀಗೆಯೇ: ಪ್ರಶಸ್ತಿಗೆ ಸಂಸ್ಕೃತ, ದತ್ತಿಯ ವಿವರಕ್ಕೆ ಕನ್ನಡ. ಅದನ್ನು ಕಂಡು ಬಾದಾಮಿಯನ್ನು ಬೇರೊಬ್ಬರ ನಾಡಿನ ವಿಸ್ತರಣೆ ಎಂದರೆ ನಾವು ಒಪ್ಪುತ್ತೇವೆಯೇ? ಇಲ್ಲ. ಪಡೆದುಕೊಂಡದ್ದನ್ನು ಮಾರ್ಪಡಿಸಿ ತನ್ನದಾಗಿಸಿಕೊಳ್ಳುವ ಶಕ್ತಿಯೇ ಕನ್ನಡದ ಹೆಮ್ಮೆ. ಅದೇ ಹೆಮ್ಮೆಗೆ ಖ್ಮೇರ್ ಜನರೂ ಹಕ್ಕುಳ್ಳವರು. ಹರಿಹರ ದೇವರನ್ನು ದಾವಣಗೆರೆ ಜಿಲ್ಲೆಯ ಹರಿಹರದಲ್ಲಿ ಪೂಜಿಸುವ ನಮಗೆ, ಆಂಕೋರ್ ಬಳಿಯ ಹಳೆಯ ರಾಜಧಾನಿಯೊಂದರ ಹೆಸರು ಹರಿಹರಾಲಯ ಎಂದು ತಿಳಿದಾಗ ಖುಷಿಯಾಗುತ್ತದೆ. ಆ ಖುಷಿ ಪರಿಚಯದ ಮೊದಲ ಮೆಟ್ಟಿಲಾಗಲಿ, ಅಡ್ಡಿಯಿಲ್ಲ. ಅಲ್ಲಿಗೇ ನಿಂತುಬಿಟ್ಟರೆ ಫ್ನಾಮ್ ಪೆನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಏಳನೆಯ ಶತಮಾನದ ಹರಿಹರ ಮೂರ್ತಿಯ ಎದುರು ನಿಂತೂ ಅದನ್ನು ನೋಡಿದಂತಾಗದು. ಅಷ್ಟು ನಿರಾಭರಣವಾದ, ಉಸಿರು ಹಿಡಿದು ನಿಂತಂತಿರುವ ದೇಹ ಹೊಯ್ಸಳರ ಕುಸುರಿಗೆ ಒಗ್ಗಿದ ಕಣ್ಣಿಗೆ ಹೊಸತು, ಆ ಹೊಸತನವೇ ಖ್ಮೇರ್ ಶಿಲ್ಪಿಯ ಕೊಡುಗೆ.

ಕಥೆಗಳ ಮಟ್ಟಿಗೂ ಇದು ನಿಜ. ಖ್ಮೇರ್ ರಾಮಾಯಣದ ಹೆಸರು ರಿಯಾಮ್‌ಕೇರ್. ಅದರ ಹನುಮಂತ ಬ್ರಹ್ಮಚಾರಿಯಲ್ಲ. ವಾನರರು ಸೇತುವೆಗೆ ಹಾಕಿದ ಬಂಡೆಗಳನ್ನು ರಾತ್ರೋರಾತ್ರಿ ಕದ್ದು ಸಾಗಿಸುತ್ತಿದ್ದ ಮತ್ಸ್ಯಕನ್ಯೆ ಸೊವನ್ ಮಚ್ಚಾ ರಾವಣನ ಮಗಳು; ಅವಳನ್ನು ಹಿಡಿಯಲು ನೀರಿಗೆ ಧುಮುಕಿದ ಹನುಮಂತ ಅವಳಿಗೇ ಮನಸೋಲುತ್ತಾನೆ. ಈ ಪ್ರಸಂಗ ಕಾಂಬೋಡಿಯಾದ ರಂಗದ ಮೇಲೆ ಜನರಿಗೆ ಬಲು ಮೆಚ್ಚಿನದು. ಇದು ತಪ್ಪು ಕಥೆ ಎಂದು ಹಿರಿಯರು ತಿದ್ದಲು ಹೊರಟರೆ ಅವರೇ ಸೋಲುತ್ತಾರೆ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಮರುಕಪಡಬೇಕಾದ ದೊಡ್ಡ ಮನುಷ್ಯನಾಗಿ ಕಂಡ ಭಾಷೆ ನಮ್ಮದು. ಒಂದೇ ಕಥೆ ಹಲವು ಮನೆಗಳಲ್ಲಿ ಹಲವು ರೀತಿ ಬೆಳೆಯುತ್ತದೆ ಎಂದು ಮಕ್ಕಳಿಗೆ ಹೇಳಲು ಕನ್ನಡಿಗರಿಗೆ ಇರುವ ಅನುಕೂಲ ಎಲ್ಲರಿಗೂ ಇಲ್ಲ.

ಇನ್ನು ನೃತ್ಯಕ್ಕೆ ಬರೋಣ. ಭರತನಾಟ್ಯ ನೋಡಿದವರಿಗೆ ಖ್ಮೇರ್ ಶಾಸ್ತ್ರೀಯ ನೃತ್ಯದಲ್ಲಿ ಮೊದಲು ಕಾಣುವುದು ಅದರ ನಿಧಾನ. ಮುಖ ಬಹುಮಟ್ಟಿಗೆ ಶಾಂತ, ತುಟಿಯಂಚಿನಲ್ಲಿ ಇದ್ದೂ ಇಲ್ಲದಂಥ ನಗೆ. ಕಣ್ಣು, ಹುಬ್ಬುಗಳು ಮಾಡುವ ಕೆಲಸವನ್ನೆಲ್ಲ ಇಲ್ಲಿ ಬೆರಳುಗಳೇ ಮಾಡುತ್ತವೆ. ಬೆರಳುಗಳು ಹಿಂದಕ್ಕೆ, ಮಣಿಕಟ್ಟಿನ ಕಡೆಗೆ, ಬಿಲ್ಲಿನಂತೆ ಬಾಗಬೇಕು. ಅದಕ್ಕಾಗಿ ಆರೇಳು ವರ್ಷ ವಯಸ್ಸಿನಿಂದಲೇ ದಿನವೂ ಬಗ್ಗಿಸಿ ಬಗ್ಗಿಸಿ ಅಭ್ಯಾಸ. ಕಾಲಿನ ಬೆರಳುಗಳೂ ಮೇಲಕ್ಕೆ ಎತ್ತಿರುತ್ತವೆ. ಕ್ಬಾಚ್ ಎಂದು ಕರೆಯುವ ಮುದ್ರೆ, ಭಂಗಿಗಳಲ್ಲಿ ಮೂಲವಾದವನ್ನು ಗುರುಗಳು ವಿವರಿಸುವ ಬಗೆ ಮಕ್ಕಳಿಗೆ ತಟ್ಟನೆ ಹಿಡಿಸುತ್ತದೆ: ಮೊಳಕೆ, ಎಲೆ, ಹೂ, ಹಣ್ಣು. ಈ ನಾಲ್ಕನ್ನು ಕೈಯಲ್ಲಿ ಮಾಡಿಸಿ ನೋಡಿ, ಒಂದು ಸಂಜೆಯ ಆಟ ಸಿದ್ಧ. ಪಾತ್ರಗಳು ನಾಲ್ಕು ಬಗೆ: ಹೆಣ್ಣು, ಗಂಡು, ದೈತ್ಯ, ಕಪಿ. ಶಾಲೆಗೆ ಸೇರಿದ ಮಗುವಿನ ಮೈಕಟ್ಟು, ಮುಖಲಕ್ಷಣ ನೋಡಿ ಗುರುಗಳು ಪಾತ್ರವನ್ನು ಗೊತ್ತುಮಾಡುತ್ತಾರೆ. ಬಳಿಕ ಅದೇ ಬಾಳಿನುದ್ದಕ್ಕೂ. ಹಿಂದೆ ಅರಮನೆಯ ತಂಡದಲ್ಲಿ ಗಂಡು ಪಾತ್ರ, ದೈತ್ಯ ಪಾತ್ರಗಳನ್ನೂ ಹೆಂಗಸರೇ ಮಾಡುತ್ತಿದ್ದರು. ಕಪಿಗಳ ಪಾತ್ರಕ್ಕೆ ಗಂಡಸರು ಬಂದದ್ದು 20ನೆಯ ಶತಮಾನದಲ್ಲಿ. ಬಿಗಿಯಾದ ಜರತಾರಿ ಉಡುಪನ್ನು ಆಟಕ್ಕೆ ಮುಂಚೆ ಕಲಾವಿದೆಯ ಮೈಮೇಲೆಯೇ ಹೊಲಿಯುತ್ತಾರೆ. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವುದನ್ನು ನೋಡಿದ ಕರಾವಳಿ, ಮಲೆನಾಡಿನ ಮಕ್ಕಳಿಗೆ ಈ ಸಿದ್ಧತೆಯ ಗಾಂಭೀರ್ಯ ಅರ್ಥವಾಗದಿರದು. ಮರದ ಪಟ್ಟಿಗಳ ರೊನಿಯಾತ್, ಅರ್ಧಚಕ್ರದಲ್ಲಿ ಜೋಡಿಸಿದ ಕಂಚಿನ ಗಂಟೆಗಳು, ಸ್ರಾಲೈ ಎಂಬ ಊದುವ ವಾದ್ಯ, ಮದ್ದಳೆಗಳು ಸೇರಿದ ಮೇಳಕ್ಕೆ ಪಿನ್‌ಪಿಯಾತ್ ಎಂದು ಹೆಸರು. ಕಥೆಯನ್ನು ಹಿಮ್ಮೇಳ ಹಾಡುತ್ತದೆ, ಕುಣಿಯುವವರು ಬಹುತೇಕ ಮೌನಿಗಳು.

ಮಕ್ಕಳಿಗೆ ಮೊದಲು ತೋರಿಸಬೇಕಾದ ಪ್ರಸಂಗ ಯಾವುದೆಂದು ಕೇಳಿದರೆ ನನ್ನ ಉತ್ತರ ಮೊನಿ ಮೇಖಲಾ. ಸಮುದ್ರದೇವತೆ ಮೇಖಲಾ, ದೈತ್ಯ ರಿಯಾಮ್ ಐಸೊ, ರಾಜಕುಮಾರ ವೊರಚುನ್ ಮೂವರೂ ಒಬ್ಬ ಋಷಿಯ ಶಿಷ್ಯರು. ಬೆಳಗಿನ ಇಬ್ಬನಿಯಿಂದ ಕುಂಡ ತುಂಬಿಸಿ ಮೊದಲು ತಂದವರಿಗೆ ದಿವ್ಯ ಮಣಿ ಎಂದು ಗುರುವಿನ ಮಾತು. ಗಂಡಸರಿಬ್ಬರೂ ಎಲೆಗಳಿಂದ ಹನಿಹನಿಯಾಗಿ ಇಬ್ಬನಿ ಸುರಿಸಿಕೊಳ್ಳುತ್ತಿದ್ದರೆ, ಮೇಖಲಾ ರಾತ್ರಿಯೇ ಹುಲ್ಲಿನ ಮೇಲೆ ಬಟ್ಟೆ ಹಾಸಿ ಬೆಳಿಗ್ಗೆ ಹಿಂಡಿ ಕುಂಡ ತುಂಬುತ್ತಾಳೆ. ಮಣಿ ಅವಳ ಪಾಲಾಗುತ್ತದೆ, ಕೊಡಲಿ ದೈತ್ಯನಿಗೆ. ಆಸೆ ತಾಳಲಾರದೆ ಅವನು ಅವಳನ್ನು ಮುಗಿಲಿನಲ್ಲಿ ಅಟ್ಟುತ್ತಾನೆ. ಅವಳು ಮಣಿಯನ್ನು ಚಿಮ್ಮಿದಾಗ ಮಿಂಚು, ಅವನು ಕೊಡಲಿ ಎಸೆದಾಗ ಗುಡುಗು, ಬಳಿಕ ಮಳೆ. ಬರಗಾಲದಲ್ಲಿ ಮಳೆ ಬೇಡಿ ಅರಮನೆಯ ನರ್ತಕಿಯರು ಇದನ್ನು ಪೂಜೆಯಾಗಿಯೇ ಕುಣಿಯುತ್ತಿದ್ದರು. ಭತ್ತದ ನಾಡಿಗೆ ಮಳೆ ಎಂದರೇನೆಂದು, ರಾಜ್ಯವೊಂದು ಎಂಟು ಕಿಲೋಮೀಟರ್ ಉದ್ದದ ಪಶ್ಚಿಮ ಬರಾಯ್ ಕೆರೆಯನ್ನು ಏಕೆ ತೋಡಿಸಿತೆಂದು ಈ ಒಂದು ನೃತ್ಯದಿಂದ ಆರಂಭಿಸಿ ಹೇಳಬಹುದು.

ಎರಡನೆಯ ಆಕ್ಷೇಪ ತಿಳಿದವರಿಂದ ಬರುವಂಥದ್ದು. ಇಂದು ಪ್ರವಾಸಿಗರು ನೋಡುವ ಅಪ್ಸರಾ ನೃತ್ಯ ಸಾವಿರ ವರ್ಷದ್ದಲ್ಲ. ರಾಣಿ ಸಿಸೋವತ್ ಕೊಸ್ಸಮಕ್ 20ನೆಯ ಶತಮಾನದ ಮಧ್ಯಭಾಗದಲ್ಲಿ ಗುಡಿಯ ಶಿಲ್ಪಗಳನ್ನು ನೋಡಿ ಹೊಸದಾಗಿ ಕಟ್ಟಿಸಿದ್ದು, ಮೊಮ್ಮಗಳು ನೊರೊದೊಮ್ ಬುಪ್ಪಾ ದೇವಿ ಅದರ ಹೆಸರಾಂತ ಪ್ರಧಾನ ನರ್ತಕಿ. ಬಾಯೊನ್ ಗುಡಿ, ಪ್ರೆಯಾ ಖಾನ್‌ಗಳ ಶಿಲ್ಪದಲ್ಲಿ ನರ್ತಕಿಯರ ಮಂಡಿಗಳು ಅಗಲವಾಗಿ ಬಾಗಿವೆ, ಕುಣಿತದಲ್ಲಿ ನೆಗೆತವಿದೆ. ಇಂದಿನ ನೃತ್ಯ ಅದಕ್ಕಿಂತ ಎಷ್ಟೋ ಮೆಲ್ಲನೆಯದು. ಹೀಗಿರುವಾಗ ನೃತ್ಯದ ಮೂಲಕ ಗುಡಿ ನೋಡಿ ಎನ್ನುವುದು ಇತಿಹಾಸಕ್ಕೆ ಮಾಡಿದ ಅನ್ಯಾಯವಲ್ಲವೇ? ಈ ಆಕ್ಷೇಪದ ಸಂಗತಿಗಳೆಲ್ಲ ನಿಜ, ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಖ್ಮೇರ್ ಸಾಮ್ರಾಜ್ಯ ಕುಸಿದ ಮೇಲೆ ಈ ಕಲೆ ಸಯಾಮಿನ ಅರಮನೆಗೂ ಹೋಗಿ, ಅಲ್ಲಿ ಬದಲಾಗಿ, ಮರಳಿ ಬಂದು, 19ನೆಯ ಶತಮಾನದಲ್ಲಿ ದೊರೆ ಆಂಗ್ ಡುವಾಂಗ್‌ನ ಕೈಯಲ್ಲಿ ತಿದ್ದುಪಡಿಯಾಗಿ ಬಂದಿದೆ. 1906ರಲ್ಲಿ ದೊರೆ ಸಿಸೋವತ್‌ನೊಡನೆ ಫ್ರಾನ್ಸಿಗೆ ಹೋದ ನರ್ತಕಿಯರನ್ನು ಕಂಡು ಶಿಲ್ಪಿ ಒಗುಸ್ತ್ ರೊದಾ ಮಾರ್ಸೇಯವರೆಗೂ ಹಿಂಬಾಲಿಸಿ ಸುಮಾರು 150 ಚಿತ್ರ ಬರೆದದ್ದು ಹೀಗೆ ಬದಲಾಗುತ್ತ ಬಂದ ನೃತ್ಯವನ್ನೇ. ಭರತನಾಟ್ಯದ ಇಂದಿನ ರೂಪ ಬಂದದ್ದೂ 1930ರ ದಶಕದ ನಂತರ. ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯಾಗಿ ರೂಪಿಸಿದ್ದೂ ನಮ್ಮ ಹಿರಿಯರ ಕಣ್ಣೆದುರೇ. ಬದಲಾವಣೆ ಕಂಡಿದೆ ಎಂದು ಯಾವ ಕಲೆಯೂ ಬೇರು ಕಳೆದುಕೊಳ್ಳುವುದಿಲ್ಲ. ಮಕ್ಕಳಿಗೆ ಸಾವಿರ ವರ್ಷದಿಂದ ಹೀಗೇ ಇದೆ ಎಂದು ಹೇಳುವುದು ಸುಳ್ಳು; ಗೋಡೆಯ ಮಂಡಿಗೂ ರಂಗದ ಮಂಡಿಗೂ ಏನು ವ್ಯತ್ಯಾಸ ಹೇಳು ನೋಡೋಣ ಎಂದು ಕೇಳುವುದು ಒಳ್ಳೆಯ ಪಾಠ.

ನೃತ್ಯವೇ ಮೊದಲು ಎನ್ನಲು ನನಗಿರುವ ಅತಿ ಬಲವಾದ ಕಾರಣ ಕಾಂಬೋಡಿಯಾದ ಇತ್ತೀಚಿನ ಇತಿಹಾಸದಲ್ಲಿದೆ. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಡೆ ಫ್ನಾಮ್ ಪೆನ್ ಹೊಕ್ಕು ಇಡೀ ನಗರವನ್ನು ಗದ್ದೆಗಳಿಗೆ ಅಟ್ಟಿತು. 1979ರ ಜನವರಿಯವರೆಗಿನ ಆ ನಾಲ್ಕು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಹದಿನೈದರಿಂದ ಇಪ್ಪತ್ತು ಲಕ್ಷ ಜನ ಹಸಿವು, ರೋಗ, ದುಡಿಮೆ, ಕೊಲೆಗಳಿಗೆ ಬಲಿಯಾದರು. ಅರಮನೆಯ ಕಲೆ ಎಂಬ ಕಾರಣಕ್ಕೆ ನರ್ತಕಿಯರು ವಿಶೇಷವಾಗಿ ಅಪಾಯದಲ್ಲಿದ್ದರು. ಹತ್ತು ಮಂದಿ ಕಲಾವಿದರಲ್ಲಿ ಒಂಬತ್ತು ಮಂದಿ ಉಳಿಯಲಿಲ್ಲ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಆಂಕೋರ್‌ವಾಟ್ ಮಾತ್ರ ಆ ಆಡಳಿತದಲ್ಲೂ ನಿಂತಿತ್ತು, ಅವರ ಧ್ವಜದ ಮೇಲೂ ಅದರದೇ ಚಿತ್ರ. ಕಲ್ಲನ್ನು ಉಳಿಸಿಕೊಂಡು ಅದರೊಳಗಿನ ಕಲೆ ಬಲ್ಲ ಮನುಷ್ಯರನ್ನು ಕೊಂದ ಆಳ್ವಿಕೆ ಅದು. ಗುಡಿಯೇ ಪರಂಪರೆ ಎಂದು ನಂಬಿದವರು ಇದನ್ನೊಮ್ಮೆ ಯೋಚಿಸಬೇಕು. 1979ರ ನಂತರ ಬದುಕುಳಿದ ಕೆಲವೇ ಗುರುಗಳು ರಾಜಧಾನಿಗೆ ಮರಳಿದರು. ಅವರಲ್ಲೊಬ್ಬರು ಚಿಯಾ ಸಾಮಿ, ಬಾಲ್ಯದಲ್ಲೇ ಅರಮನೆ ಸೇರಿ ನೃತ್ಯ ಕಲಿತವರು. ಅವರ ಗಂಡ ಪೋಲ್ ಪಾಟ್‌ನ ಸ್ವಂತ ಅಣ್ಣ. ತಮ್ಮನ್ನು ಗದ್ದೆಗೆ ದೂಡಿದ ಆಳ್ವಿಕೆಯ ಮುಖ್ಯಸ್ಥ ತಮ್ಮ ಮೈದುನನೇ ಎಂಬುದು ಅವರಿಗೆ ಬಹಳ ತಡವಾಗಿ ತಿಳಿಯಿತು. 1980ರ ದಶಕದ ಆರಂಭದಲ್ಲಿ ಲಲಿತಕಲಾ ಶಾಲೆ ಮತ್ತೆ ತೆರೆದಾಗ ಅವರೂ ಅವರಂಥ ಬೆರಳೆಣಿಕೆಯ ಹಿರಿಯರೂ ಒಬ್ಬರಿಗೆ ನೆನಪಿದ್ದ ಹಾಡು, ಇನ್ನೊಬ್ಬರಿಗೆ ನೆನಪಿದ್ದ ಹೆಜ್ಜೆ ಎಂದು ಕೂಡಿಸಿ ಕೂಡಿಸಿ, ಅನಾಥರಾಗಿದ್ದ ಮಕ್ಕಳಿಗೆ ಕಲಿಸಿದರು. ಥಾಯ್ ಗಡಿಯ ನಿರಾಶ್ರಿತರ ಶಿಬಿರಗಳಲ್ಲೂ ಪಾಠ ನಡೆಯಿತು. ಪುಸ್ತಕ, ಉಡುಪು, ವಾದ್ಯ ಎಲ್ಲ ಹೋಗಿದ್ದರೂ ಮೈಯಲ್ಲಿ ಉಳಿದದ್ದು ಉಳಿದಿತ್ತು. 2003ರಲ್ಲಿ ಯುನೆಸ್ಕೊ ಕಾಂಬೋಡಿಯಾದ ರಾಜನೃತ್ಯವನ್ನು ಮನುಕುಲದ ಅಮೂರ್ತ ಪರಂಪರೆಯೆಂದು ಸಾರಿದಾಗ ಆ ದೇಶದ ಸಂಸ್ಕೃತಿ ಸಚಿವೆಯಾಗಿದ್ದವರು ಅದೇ ಬುಪ್ಪಾ ದೇವಿ.

ಇಂಥ ಕ್ರೌರ್ಯವನ್ನು ಮಕ್ಕಳ ಮುಂದೆ ಹೇಳಬೇಕೇ ಎಂದು ತಂದೆತಾಯಿ ಅಳುಕುವುದು ಸಹಜ. ಕೊಂದ ಬಗೆಯನ್ನು ವರ್ಣಿಸಬೇಕಿಲ್ಲ. ಶಾಲೆಯೊಂದನ್ನು ಸೆರೆಮನೆಯಾಗಿಸಿದ್ದ ತುವೊಲ್ ಸ್ಲೆಂಗ್ ವಸ್ತುಸಂಗ್ರಹಾಲಯಕ್ಕೆ ಚಿಕ್ಕ ಮಕ್ಕಳನ್ನು ಕರೆದೊಯ್ಯುವುದಂತೂ ಬೇಡವೇ ಬೇಡ. ಒಂದು ಕಾಲದಲ್ಲಿ ಕಲಿಸುವವರು ಬಹುತೇಕ ಇಲ್ಲವಾದರು, ಉಳಿದ ಅಜ್ಜಿಯರು ನೆನಪಿನಿಂದ ಕಲಿಸಿದರು ಎಂಬಷ್ಟು ಎಂಟು ವರ್ಷದ ಮಗುವಿಗೂ ಹೇಳಬಹುದು. ಹೇಳದಿದ್ದರೆ ರಂಗದ ಮೇಲಿನ ಆ ನಿಧಾನದ ಬೆರಳಿನ ಬೆಲೆ ಗೊತ್ತಾಗುವುದಿಲ್ಲ.

ಕಲ್ಲಿಗೂ ಗಾಯಗಳಾಗಿವೆ. ಪ್ರಸಾತ್ ಚೆನ್‌ನ ಭೀಮ, ದುರ್ಯೋಧನರನ್ನು 1970ರ ದಶಕದ ಯುದ್ಧದ ಗದ್ದಲದಲ್ಲಿ ಕಳ್ಳರು ಪಾದದ ಬಳಿ ಕತ್ತರಿಸಿ ಒಯ್ದರು. ಭೀಮ ಅಮೆರಿಕದ ವಸ್ತುಸಂಗ್ರಹಾಲಯವೊಂದಕ್ಕೆ ಸೇರಿದ, ದುರ್ಯೋಧನ 2011ರಲ್ಲಿ ನ್ಯೂಯಾರ್ಕಿನ ಹರಾಜಿಗೆ ಬಂದ. ಆದರೆ ಪಾದಗಳು ಮೂಲ ಪೀಠಗಳ ಮೇಲೆಯೇ ಉಳಿದಿದ್ದವು. ಮೂರ್ತಿಗಳ ಮುರಿದ ಕಾಲಿಗೂ ಈ ಪಾದಗಳಿಗೂ ಹೊಂದಾಣಿಕೆ ಇದೆಯೆಂಬ ಸಾಕ್ಷ್ಯದ ಬಲದಿಂದ ನಡೆದ ವ್ಯಾಜ್ಯ, ಮಾತುಕತೆಗಳ ನಂತರ 2014ರಲ್ಲಿ ಭೀಮ, ದುರ್ಯೋಧನ, ಅಲ್ಲಿಂದಲೇ ಕಳುವಾಗಿದ್ದ ಬಲರಾಮ ಮೂವರೂ ಸ್ವದೇಶಕ್ಕೆ ಮರಳಿದರು. ಪತ್ತೇದಾರಿ ಕಥೆ ಮೆಚ್ಚುವ ಹದಿಹರೆಯದವರಿಗೆ ಇದಕ್ಕಿಂತ ಸೊಗಸಾದ ನಿಜಕಥೆ ಬೇಕೆ? ಗುಡಿಗಳ ಜೀರ್ಣೋದ್ಧಾರದಲ್ಲಿ ಭಾರತಕ್ಕೂ ಪಾಲಿದೆ: 1986ರಿಂದ 1993ರವರೆಗೆ, ಬೇರೆ ದೇಶಗಳವರು ಕಾಲಿಡಲು ಹಿಂಜರಿಯುತ್ತಿದ್ದ ಹೊತ್ತಿನಲ್ಲಿ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಆಂಕೋರ್‌ವಾಟ್‌ನಲ್ಲಿ ಕೆಲಸ ಮಾಡಿತು. ಅದು ಬಳಸಿದ ರಾಸಾಯನಿಕ ಶುಚಿಕ್ರಮಕ್ಕೆ ಟೀಕೆ ಬಂದದ್ದೂ ಉಂಟು. ಒಟ್ಟಿನಲ್ಲಿ ಕದ್ದ ಮೂರ್ತಿ ನಲವತ್ತು ವರ್ಷಕ್ಕೆ ಮರಳೀತು, ಕುಸಿದ ಗೋಡೆ ಮತ್ತೆ ಏಳೀತು. ಗುರುವಿನೊಡನೆ ಹೋದ ನೃತ್ಯಕ್ಕೆ ಹಿಂದಿರುಗುವ ದಾರಿಯಿಲ್ಲ. ಅದಕ್ಕೇ ಅದರ ಕಡೆ ಮೊದಲು ನೋಡಬೇಕು.

ಊಟದ ಜೊತೆ ತೋರಿಸುವ ನೃತ್ಯವೆಲ್ಲ ಬರೀ ತೋರಿಕೆ ಎನ್ನುವವರಿಗೆ ಹೇಳಬೇಕಾದ್ದು ಸ್ವಲ್ಪವೇ. ಅಲ್ಲೂ ಎಷ್ಟೋ ಸಲ ನಿಜವಾಗಿ ಕಲಿತವರೇ ಕುಣಿಯುತ್ತಿರುತ್ತಾರೆ, ಹೊಟ್ಟೆಪಾಡಿಗೆ. ಆಯ್ಕೆ ಇದ್ದರೆ ಊಟವಿಲ್ಲದ, ಕುಳಿತು ನೋಡುವ ಪ್ರದರ್ಶನಕ್ಕೇ ಹೋಗುವುದು ಮೇಲು. ತೀರ ಚಿಕ್ಕ ಮಕ್ಕಳಿಗೆ ನಿಧಾನದ ನೃತ್ಯ ಹಿಡಿಸದಿದ್ದರೆ ಆಂಕೋರ್ ಪಕ್ಕದ ಪಟ್ಟಣ ಸಿಯೆಮ್ ರಿಯಪ್‌ನಲ್ಲಿ ಫಾರೆ ಸರ್ಕಸ್ ಇದೆ. ಗಡಿಯ ನಿರಾಶ್ರಿತ ಶಿಬಿರದಲ್ಲಿ ಚಿತ್ರಕಲೆ ಕಲಿತ ಯುವಕರು 1994ರಲ್ಲಿ ಬಟಂಬಾಂಗ್‌ನಲ್ಲಿ ಕಟ್ಟಿದ ಕಲಾಶಾಲೆಯ ಕೂಸು ಅದು. ಪ್ರಾಣಿಗಳಿಲ್ಲದ ಸರ್ಕಸ್, ತಮ್ಮದೇ ಕಥೆ, ತಮ್ಮದೇ ಸಂಗೀತ. ಪ್ರಯಾಣದ ಖರ್ಚು ಎಲ್ಲರಿಗೂ ಎಟುಕುವುದಿಲ್ಲ ಎಂಬುದೂ ಸರಿಯಾದ ಮಾತು. ಮನೆಯಲ್ಲೇ ಆರಂಭಿಸಲು ಒಂದು ದಾರಿ ನೆರಳಿನಾಟ. ಸ್ಬೆಕ್ ತೋಮ್ ಎಂಬ ಖ್ಮೇರ್ ತೊಗಲು ಬೊಂಬೆಯಾಟದಲ್ಲಿ ಆಳೆತ್ತರದ, ಕೈಕಾಲು ಅಲುಗದ ಒಂದೇ ತೊಗಲಿನ ಬೊಂಬೆಗಳನ್ನು ಎತ್ತಿ ಹಿಡಿದು ಪರದೆಯ ಮುಂದೆ ಆಡಿಸುವವರೇ ಕುಣಿಯುತ್ತಾರೆ, ಹಾಡುವುದು ರಿಯಾಮ್‌ಕೇರ್. ನಮ್ಮ ತೊಗಲು ಗೊಂಬೆಯಾಟದ ರಾಮ, ರಾವಣರನ್ನು ಮಕ್ಕಳಿಗೆ ಮೊದಲು ತೋರಿಸಿ, ಬಳಿಕ ರಟ್ಟಿನಲ್ಲಿ ಸೊವನ್ ಮಚ್ಚಾಳನ್ನು ಕತ್ತರಿಸಿ, ಬಿಳಿಯ ಪಂಚೆಯ ಹಿಂದೆ ದೀಪ ಹಚ್ಚಿದರೆ ಸಾಕು.

ಹೋಗಲು ಸಾಧ್ಯವಿರುವವರು ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ. ಏಪ್ರಿಲ್‌ನ ಬಿಸಿಲು ಮಕ್ಕಳಿಗಲ್ಲ, ಕರಾವಳಿಯ ಬಿಸು ಹಬ್ಬದ ದಿನಗಳಲ್ಲೇ ಬರುವ ಖ್ಮೇರ್ ಹೊಸ ವರ್ಷದ ಸಡಗರ ಬೇಕೇ ಬೇಕು ಎನ್ನುವವರ ಮಾತು ಬೇರೆ. ಮೊದಲ ಸಂಜೆ ನೃತ್ಯ, ಮರುದಿನ ಬೆಳಿಗ್ಗೆ ಒಂದೇ ಗುಡಿ, ಮಧ್ಯಾಹ್ನ ವಿಶ್ರಾಂತಿ. ಆಂಕೋರ್ ಥಾಮ್‌ನ ದಕ್ಷಿಣ ದ್ವಾರದ ಸೇತುವೆಯ ಇಕ್ಕೆಲದಲ್ಲಿ 54 ದೇವರು, 54 ಅಸುರರು ನಾಗನನ್ನು ಹಿಡಿದು ಕುಳಿತಿದ್ದಾರೆ. ಅದನ್ನು ನಡೆದೇ ದಾಟಿ. 967ರಲ್ಲಿ ಪ್ರತಿಷ್ಠೆಯಾದ, ಗುಲಾಬಿ ಬಣ್ಣದ ಮರಳುಗಲ್ಲಿನ ಬಾಂತಿಯಾಯ್ ಸ್ರೈ ಪುಟ್ಟ ಗುಡಿ, ಮಕ್ಕಳ ಎತ್ತರಕ್ಕೆ ಹೇಳಿ ಮಾಡಿಸಿದಂತಿದೆ. ಕೈಲಾಸ ಅಲುಗಿಸುವ ರಾವಣ, ಕಾದಾಡುವ ವಾಲಿ, ಸುಗ್ರೀವರು ಅಲ್ಲಿದ್ದಾರೆ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಇವು ಇಂದಿಗೂ ಜನ ಊದುಕಡ್ಡಿ ಹಚ್ಚಿ ಕೈಮುಗಿಯುವ ಜಾಗಗಳು. ಆಂಕೋರ್‌ವಾಟ್‌ನ ಪಡುವಣ ದ್ವಾರದ ಎಂಟು ಕೈಗಳ ವಿಷ್ಣುವಿಗೆ ಬೌದ್ಧರಾದ ಊರವರೇ ಹರಕೆ ಹೊರುತ್ತಾರೆ. 12 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ, ವಯಸ್ಸು ತೋರಿಸಲು ಪಾಸ್‌ಪೋರ್ಟ್ ಜೊತೆಗಿರಲಿ. ಆ ವಯಸ್ಸಿನವರನ್ನು ಕಡಿದಾದ ಮೆಟ್ಟಿಲುಗಳಿರುವ ನಡುಗೋಪುರದ ಮೇಲಂತಸ್ತಿಗೆ ಬಿಡುವುದಿಲ್ಲ. ಅದಕ್ಕಾಗಿ ಬೇಸರಪಡಬೇಕಿಲ್ಲ, ಸಮುದ್ರಮಥನದ ಗೋಡೆಯೂ ಅದರ ಅಪ್ಸರೆಯರೂ ಇರುವುದು ಕೆಳಗಿನ ಮೊಗಸಾಲೆಯಲ್ಲೇ.